ಎಡಕ್ಕೆ ಎಳೆಯುತ್ತಿದ್ದ ಪಿಕಪ್

ನಮ್ಮ ಮನೆಯ ಹಳೆಯ ವಿಲ್ಲಿಸ್ ಪಿಕಪ್ಪಿಗೆ ಒಂದು ಚಾಳಿ ಇತ್ತು. ಸ್ಟೇರಿಂಗ್ ನೆಟ್ಟಗೆ ಹಿಡಿದರೆ ಅದು ನೆಟ್ಟಗೆ ಹೋಗುತ್ತಿರಲಿಲ್ಲ, ಮೆಲ್ಲಗೆ ಎಡಕ್ಕೆ ಸರಿಯುತ್ತಿತ್ತು. ಓಡಿಸುವವರು ಯಾವಾಗಲೂ ಸ್ವಲ್ಪ ಬಲಕ್ಕೆ ಜಗ್ಗಿಕೊಂಡೇ ಕೂರಬೇಕು. "ತೀರ್ಥಹಳ್ಳಿಯಿಂದ ಬರುವಾಗ ನಮ್ಮ ಮನೆ ದಾರಿ ಎಡಗಡೆಗಲ್ವಾ, ಅದಕ್ಕೆ ಮನೆ ನೆನಪು ಜಾಸ್ತಿ" ಎಂದು ಅಪ್ಪಯ್ಯ ಹೇಳುತ್ತಿದ್ದರು. ಬಂದ ನೆಂಟರೆಲ್ಲ ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ.

ಆ ಗಾಡಿಯನ್ನು ಅಪ್ಪಯ್ಯ 1966ರಲ್ಲಿ ಒಬ್ಬ ಕಾಫಿ ತೋಟದವರಿಂದ ಕೊಂಡಿದ್ದರು. ಅಮೆರಿಕದ ಟೊಲೆಡೊ ಊರಿನ ವಿಲ್ಲಿಸ್-ಓವರ್‌ಲ್ಯಾಂಡ್ ಕಂಪನಿ ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಜೀಪು ಮಾಡಿಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ರೈತರಿಗೆ ಉಪಯೋಗಕ್ಕೆ ಬರುವ ಗಾಡಿಗಳನ್ನು ಮಾಡಲು ಹೊರಟಿತು. ಹಾಗೆ 1947ರಲ್ಲಿ ಬಂದದ್ದು ಈ ಪಿಕಪ್. ಜೀಪಿನದೇ ಮೂತಿ, ಹಿಂದೆ ಸಾಮಾನು ತುಂಬುವ ತೊಟ್ಟಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 118 ಇಂಚು, ಅಂದರೆ ಸುಮಾರು ಮೂರು ಮೀಟರ್. 1965ರವರೆಗೂ ಈ ಮಾದರಿ ತಯಾರಾಗುತ್ತಿತ್ತು. ನಮ್ಮದು 1950ರ ದಶಕದ್ದು. ಅದು ಬಂದ ದಿನದಿಂದ ನಮ್ಮ ಎತ್ತಿನ ಗಾಡಿಗೆ ಕೆಲಸ ತಪ್ಪಿತು. ಅದರ ಎರಡು ಚಕ್ರಗಳನ್ನು ಬಿಚ್ಚಿ ಕೊಟ್ಟಿಗೆ ಗೋಡೆಗೆ ಒರಗಿಸಿದರು. ಈ ಚಕ್ರಗಳನ್ನು ನೆನಪಿಟ್ಟುಕೊಳ್ಳಿ.

ಅಪ್ಪಯ್ಯ 1998ರಲ್ಲಿ ತೀರಿಕೊಂಡರು. ಪಿಕಪ್ ಶೆಡ್ಡಿನಲ್ಲಿ ನಿಂತಿತು. ಮಳೆಗಾಲದ ತೇವ, ಕೋಳಿಗಳ ಗೂಡು, ಮೇಲಿಂದ ಬೀಳುವ ಅಡಕೆ ಸೋಗೆ ಎಲ್ಲವನ್ನೂ ಅದು ಸಹಿಸಿಕೊಂಡಿತು. ಗುಜರಿಯವರು ಎರಡು ಸಲ ಬಂದು ಬೆಲೆ ಕೇಳಿ ಹೋದರು. ಕಳೆದ ಬೇಸಿಗೆ ರಜೆಗೆ ಮೊಮ್ಮಗಳು ಬಂದಾಗ ಶೆಡ್ಡಿಗೆ ನುಗ್ಗಿ, "ಅಜ್ಜ, ಇದನ್ನ ಓಡಿಸೋಣ" ಅಂದಳು. ಅವಳು ಎಂಟನೇ ತರಗತಿ ಮುಗಿಸಿದ್ದಳು. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಎನ್ನುತ್ತೇವೆ, ಅವಳಿಗೆ ಅದು ಇಷ್ಟವಿಲ್ಲ. ಆದರೂ ಇಲ್ಲಿ ಪುಟ್ಟಿ ಎಂದೇ ಬರೆಯುತ್ತೇನೆ.

ಪೇಟೆಯಿಂದ ಮೇಸ್ತ್ರಿ ಬಂದರು. ಜೀಪು ರಿಪೇರಿಯಲ್ಲೇ ತಲೆ ನೆರೆಸಿಕೊಂಡವರು. ನಾನು ಬಾನೆಟ್ ಎತ್ತಲು ಹೋದರೆ ಅವರು ಗಾಡಿಯ ಅಡಿಗೆ ಗೋಣಿಚೀಲ ಹಾಸಿ ಮಲಗಿದರು. ಹೊರಗೆ ಬಂದವರು, "ಎಂಜಿನ್ ಆಮೇಲೆ ನೋಡುವ ಭಟ್ರೇ. ಎಂಜಿನ್ ಕೈಕೊಟ್ರೆ ಗಾಡಿ ನಿಲ್ತದೆ. ಸ್ಟೇರಿಂಗ್ ಕೈಕೊಟ್ರೆ ನಿಲ್ಲೂದಿಲ್ಲ. ಮೊದಲು ಚಾಸಿ, ಸ್ಟೇರಿಂಗ್" ಅಂದರು. ಬಣ್ಣ ಯಾವುದು ಬಳಿಯೋಣ ಎಂದು ಯೋಚಿಸುತ್ತಿದ್ದ ನಮಗಿಬ್ಬರಿಗೂ ನಿರಾಸೆಯಾಯಿತು.

ಸ್ಟೇರಿಂಗ್ ಚಕ್ರ ತಿರುಗಿಸಿ ನೋಡಿದೆವು. ಗಡಿಯಾರದ ಮುಳ್ಳು 12ರಿಂದ 2ಕ್ಕೆ ಬರುವಷ್ಟು ತಿರುಗಿಸಿದರೂ ಕೆಳಗೆ ಟೈರು ಮಿಸುಕಾಡಲಿಲ್ಲ. ಇದಕ್ಕೆ ಗ್ಯಾರೇಜಿನವರು 'ಪ್ಲೇ' ಎನ್ನುತ್ತಾರೆ. ಪುಟ್ಟಿ ಚಕ್ರ ತಿರುಗಿಸುವುದು, ಮೇಸ್ತ್ರಿ ಅಡಿಯಲ್ಲಿ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ಎಲ್ಲಿ ಅಲುಗಾಡುತ್ತದೆ ಎಂದು ನೋಡುವುದು, ಹೀಗೆ ಒಂದು ಮಧ್ಯಾಹ್ನ ಕಳೆಯಿತು. ಅವಳ ಕೈಯಿಂದ ಟೈರಿನವರೆಗೆ ಎಷ್ಟೊಂದು ಕೊಂಡಿಗಳು! ಸ್ಟೇರಿಂಗ್ ಕಂಬ, ಅದರ ಬುಡದಲ್ಲಿ ಬಾಕ್ಸು, ಬಾಕ್ಸಿನಿಂದ ಹೊರಟ ತೋಳು, ಆ ತೋಳಿಗೆ ಡ್ರ್ಯಾಗ್ ಲಿಂಕ್, ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್, ಕೊನೆಗೆ ಚಕ್ರ ತಿರುಗುವ ಕಿಂಗ್ ಪಿನ್. ಪ್ರತಿ ಕೀಲಿನಲ್ಲೂ ಕೂದಲೆಳೆಯಷ್ಟು ಸವೆತ. ಎಲ್ಲ ಕೂಡಿ ಎರಡು ಗಂಟೆಯ ದೂರ.

ಬಾಕ್ಸು ಬಿಚ್ಚಿದಾಗ ಪುಟ್ಟಿ ಅಡುಗೆಮನೆಯಿಂದ ಓಡಿ ಬಂದಳು. ಒಳಗೆ ಗಟ್ಟಿ ಬೆಲ್ಲದಂತಾದ ಹಳೆಯ ಎಣ್ಣೆ. ಸೀಮೆಎಣ್ಣೆಯಲ್ಲಿ ತೊಳೆದರೆ ದಪ್ಪ ಸ್ಕ್ರೂವಿನಂಥ ಒಂದು ತುಂಡು ಹೊರಬಂತು. ಅದರ ಮೈಮೇಲೆ ಸುತ್ತಿಕೊಂಡು ಹೋದ ಗಾಡಿ ಇದೆ, ಅಂದರೆ ಕೊರೆದ ಕಾಲುವೆ. ಪಕ್ಕದ ಸನ್ನೆಯಲ್ಲಿರುವ ಗೂಟಗಳು ಆ ಕಾಲುವೆಯಲ್ಲಿ ಕೂತಿರುತ್ತವೆ. ಸ್ಟೇರಿಂಗ್ ತಿರುಗಿಸಿದಾಗ ಕಾಲುವೆ ಗೂಟಗಳನ್ನು ಹಿಂದೆ ಮುಂದೆ ತಳ್ಳುತ್ತದೆ, ಸನ್ನೆ ತೋಳನ್ನು ತಿರುಗಿಸುತ್ತದೆ. ಅಷ್ಟೇ ಗುಟ್ಟು.

"ಇಲ್ಲಿ ಬೆರಳಾಡಿಸು" ಎಂದು ಮೇಸ್ತ್ರಿ ತೋರಿಸಿದರು. ಕಾಲುವೆಯ ಎರಡು ಕೊನೆಗಳು ಹೊಸದರಂತಿದ್ದವು, ನಡುಭಾಗ ಸವೆದು ಅಗಲವಾಗಿತ್ತು. ಗಾಡಿ ನೇರ ಹೋಗುವಾಗ ಗೂಟಗಳು ಇರುವುದು ನಡುವಿನಲ್ಲೇ. ನಮ್ಮ ಸೀಮೆಯಲ್ಲಿ ನೇರ ರಸ್ತೆ ಎಲ್ಲಿದೆ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ತಿರುವಿನಿಂದ ತಿರುವಿಗೆ ಹೋಗುವಾಗಲೂ ನಡುವನ್ನು ದಾಟಿಯೇ ಹೋಗಬೇಕಲ್ಲ ಎಂದರು ಮೇಸ್ತ್ರಿ. ನಡು ಸವೆದದ್ದಕ್ಕೆ ಸ್ಕ್ರೂ ಬಿಗಿ ಮಾಡಿದರೆ ನೇರ ಹೋಗುವಾಗ ಚೆನ್ನಾಗಿಯೇ ಇರುತ್ತದಂತೆ. ಆದರೆ ತಿರುವಿನ ಕೊನೆಯಲ್ಲಿ ಸವೆಯದ ಭಾಗ ಬಂದಾಗ ಹಿಡಿದುಕೊಂಡುಬಿಡುತ್ತದೆ. ಆಗುಂಬೆಯ 14 ತಿರುವುಗಳಲ್ಲಿ ಒಂದರಲ್ಲಿ ಹಾಗೆ ಹಿಡಿದುಕೊಂಡರೆ ಏನು ಗತಿ? ಹಾಗಾಗಿ ಬಿಗಿ ಮಾಡುವ ಮಾತು ಬಿಟ್ಟು ಬಾಕ್ಸಿನ ಒಳಗಿನ ಭಾಗಗಳನ್ನೇ ಬದಲಿಸಿದೆವು. ಅವು ಸಿಗಲು ಎರಡು ವಾರ ಹಿಡಿಯಿತು. ಹುಡುಕಾಟದ ಕಥೆ ಬರೆದರೆ ಈ ಪುಟ ಸಾಲದು.

ಆ ಎರಡು ವಾರದಲ್ಲಿ ತೊಟ್ಟಿ, ಬಾಡಿ ಎಲ್ಲ ಎತ್ತಿ ಇಳಿಸಿ ಚಾಸಿಯನ್ನು ಬರಿಮೈ ಮಾಡಿದೆವು. ಚಾಸಿ ಎಂದರೆ ಗಾಡಿಯ ಬೆನ್ನೆಲುಬು. ನೋಡಲು ನೆಲದ ಮೇಲೆ ಮಲಗಿಸಿದ ಏಣಿಯಂತೆ, ಎರಡು ಉದ್ದದ ಉಕ್ಕಿನ ತೊಲೆಗಳು, ನಡುವೆ ಅಡ್ಡಪಟ್ಟಿಗಳು. ನಾಲ್ಕು ಸ್ಟ್ಯಾಂಡ್ ಮೇಲಿಟ್ಟು, ಮನೆ ಕಟ್ಟುವವರು ಬಳಸುವ ನೀರಿನ ಪೈಪು ಹಿಡಿದು ಮಟ್ಟ ಮಾಡಿದೆವು. ಮೇಲಿನ ತೂತುಗಳಿಂದ ತೂಗುಗುಂಡು ಇಳಿಬಿಟ್ಟು, ಅದು ನೆಲ ಮುಟ್ಟುವಲ್ಲಿ ಪುಟ್ಟಿ ಸೀಮೆಸುಣ್ಣದಿಂದ ಗುರುತು ಹಾಕಿದಳು. ಆಮೇಲೆ ಮೂಲೆಯಿಂದ ಮೂಲೆಗೆ ಟೇಪು. ಹಿಂಭಾಗದಲ್ಲಿ ಎರಡು ಕರ್ಣಗಳೂ ಸರಿಸಮ. ಮುಂಭಾಗದಲ್ಲಿ 14 ಮಿಲಿಮೀಟರ್ ವ್ಯತ್ಯಾಸ. ಟೇಪು ತಪ್ಪಾಗಿ ಹಿಡಿದೆವೇನೋ ಎಂದು ಮೂರು ಸಲ ಅಳೆದೆವು.

"ಅಜ್ಜ, ಆಯತದಲ್ಲಿ ಎರಡೂ ಕರ್ಣ ಸಮ ಇರ್ಬೇಕು. ಇದು ಆಯತ ಅಲ್ಲ, ಸಮಾಂತರ ಚತುರ್ಭುಜ ಆಗಿದೆ" ಅಂದಳು.

ಮೇಸ್ತ್ರಿ ಸೀಮೆಸುಣ್ಣದ ಗೆರೆಗಳನ್ನು ನೋಡುತ್ತ ಕೂತರು. "ಎಡಗಡೆ ತೊಲೆ ಹಿಂದಕ್ಕೆ ಹೋಗಿದೆ. ಎಡ ಚಕ್ರ ಹಿಂದೆ, ಬಲ ಚಕ್ರ ಮುಂದೆ. ಎಡಕ್ಕೆ ಎಳೀದೆ ಇನ್ನೇನು? ಯಾವುದೋ ಕಾಲದಲ್ಲಿ ಎಲ್ಲೋ ಗುದ್ದಿದ್ದಾರೆ ಭಟ್ರೇ."

"ಯಾರು ಗುದ್ದಿದ್ದು?" ಪುಟ್ಟಿ ನನ್ನ ಮುಖ ನೋಡಿದಳು.

ಐವತ್ತು ವರ್ಷ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. "ನಾನೇ" ಅಂದೆ.

1970ರ ಡಿಸೆಂಬರ್. ನನಗೆ 16 ವರ್ಷ. ಅಪ್ಪಯ್ಯ ಬಸ್ಸಿನಲ್ಲಿ ಒಂದು ಮದುವೆಗೆ ಹೋಗಿದ್ದರು. ಬೀಗದ ಕೈ ಗೂಡಿನಲ್ಲಿತ್ತು. ಗದ್ದೆಬಯಲಿನವರೆಗೆ ಹೋಗಿ ಬರುವುದು ಎಂದುಕೊಂಡು ಹೊರಟೆ. ಹೋಗುವಾಗ ಚೆನ್ನಾಗಿಯೇ ಹೋದೆ. ಬರುವಾಗ ಇಳಿಜಾರಿನಲ್ಲಿ ವೇಗ ಹೆಚ್ಚಾಗಿ ಎಡಗಡೆ ಮೋರಿಕಟ್ಟೆಗೆ ಹೊಡೆದೆ. ನನಗೆ ಏನೂ ಆಗಲಿಲ್ಲ. ಬಂಪರ್ ಬಾಗಿತ್ತು. ಹಗ್ಗ ಕಟ್ಟಿ ಮರಕ್ಕೆ ಬಿಗಿದು ಗಾಡಿಯನ್ನು ಹಿಂದಕ್ಕೆ ಎಳೆದೆ, ಸುತ್ತಿಗೆಯಿಂದ ತಟ್ಟಿದೆ, ಬಣ್ಣ ಹೋದಲ್ಲಿ ಕೆಸರು ಮೆತ್ತಿದೆ. ಕತ್ತಲಾಗುವುದರೊಳಗೆ ಗಾಡಿ ಶೆಡ್ಡಿನಲ್ಲಿತ್ತು, ಬೀಗದ ಕೈ ಗೂಡಿನಲ್ಲಿತ್ತು. ಅಪ್ಪಯ್ಯ ಮರುದಿನ ಗಾಡಿ ತೆಗೆದರು, ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ವಾರ ಕಳೆದು ಅವರು ಅಡಕೆ ಮೂಟೆ ಹೇರಿಕೊಂಡು ಘಟ್ಟ ಇಳಿದು ಮಂಗಳೂರಿಗೆ ಹೊರಟರು. ಹಿಂದೆ ಮೂಟೆಗಳ ಮೇಲೆ ಇಬ್ಬರು ಆಳುಗಳು ಕೂತಿದ್ದರು. ಎಡಕ್ಕೆ ಎಳೆಯುತ್ತದೆ ಎಂದು ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು. ಅಂಗಳದಲ್ಲಿ ತಿರುಗಿಸುವಾಗಲೇ ಕಂಡಿದ್ದೆ. ಆ ರಾತ್ರಿ ನಾನು ಜಗಲಿಯಲ್ಲಿ ಎದ್ದು ಕೂತಿದ್ದೆ. ಮರುದಿನ ಸಂಜೆ ಎಂಜಿನ್ ಸದ್ದು ಕೇಳುವವರೆಗೆ ಊಟ ಸೇರಲಿಲ್ಲ. ಅಮ್ಮ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು. ಆಗಲಾದರೂ ಹೇಳಬಹುದಿತ್ತು. ಬಂದರಲ್ಲ ಎಂದು ಸುಮ್ಮನಾದೆ. ಅವರು ಇನ್ನೊಮ್ಮೆ ಹೋದರು, ನಾನು ಇನ್ನೊಂದು ರಾತ್ರಿ ಎದ್ದು ಕೂತೆ.

ಇಷ್ಟನ್ನು ಹೇಳಿ ಮುಗಿಸಿದೆ. ಪುಟ್ಟಿ ಏನೂ ಅನ್ನಲಿಲ್ಲ. ವಯರ್ ಬ್ರಷ್ ತೆಗೆದುಕೊಂಡು ಎಡ ತೊಲೆಯ ಮುಂಭಾಗ ಉಜ್ಜಲು ಕೂತಳು. ಒಂದು ಇಂಚು ದಪ್ಪ ಗ್ರೀಸು, ಮಣ್ಣು ಹಪ್ಪಳದ ಹಾಗೆ ಎದ್ದು ಬಂತು.

"ಅಜ್ಜ, ಇಲ್ಲೊಂದು ಪಟ್ಟಿ ಇದೆ. ಬಲಗಡೆ ಇಲ್ಲ."

ತೊಲೆಯ ಒಳಮೈಗೆ, ಸ್ಪ್ರಿಂಗ್ ಪಟ್ಟಿ ಕೂರುವ ಜಾಗದ ಹಿಂದೆ, ಗೇಣುದ್ದದ ಕಬ್ಬಿಣದ ತುಂಡೊಂದನ್ನು ಆರು ಬೋಲ್ಟ್ ಹಾಕಿ ಕೂರಿಸಿದ್ದರು. ಮೇಸ್ತ್ರಿ ಬಿಚ್ಚಿದರು. ಅದರ ಅಡಿಯಲ್ಲಿ ಚಾಸಿ ಬಿರುಕು ಬಿಟ್ಟಿತ್ತು, ಕೆಳ ಅಂಚಿನಿಂದ ಮೇಲಕ್ಕೆ ಎರಡು ಇಂಚು. ಬಿರುಕಿನ ತುದಿಯಲ್ಲಿ ಒಂದು ದುಂಡನೆಯ ತೂತು. "ಗೊತ್ತಿದ್ದವರೇ ಮಾಡಿದ್ದು" ಅಂದರು ಮೇಸ್ತ್ರಿ. ಬಟ್ಟೆ ಹರಿಯುವಾಗ ಚೂಪಾದ ತುದಿಯಿಂದಲೇ ಮುಂದಕ್ಕೆ ಹರಿಯುತ್ತದೆ. ಅಲ್ಲೊಂದು ದುಂಡು ತೂತಿದ್ದರೆ ಎಳೆತ ಸುತ್ತಲೂ ಹಂಚಿಹೋಗಿ ಹರಿಯುವುದು ನಿಲ್ಲುತ್ತದೆ. ಉಕ್ಕಿಗೂ ಅದೇ ನಿಯಮವಂತೆ.

ನಾನು ಪಟ್ಟಿಯನ್ನು ಕೈಗೆ ತೆಗೆದುಕೊಂಡೆ. ಎರಡು ಇಂಚು ಅಗಲ. ಒಂದು ಮೈ ಕಲ್ಲಿನ ಮೇಲೆ ಉರುಳಿ ಉರುಳಿ ನುಣ್ಣಗಾಗಿತ್ತು, ಅಂಚು ದುಂಡಗಾಗಿತ್ತು. ಬಾಗಿದ್ದನ್ನು ಬಡಿದು ನೆಟ್ಟಗೆ ಮಾಡಿದ ಸುತ್ತಿಗೆಯ ಗುರುತುಗಳಿದ್ದವು. ಕೂಡಲೇ ಕೊಟ್ಟಿಗೆ ಗೋಡೆ ನೆನಪಾಯಿತು. 1971ರ ಆರಂಭದಲ್ಲಿ, ಎರಡನೆಯ ಸಲ ಮಂಗಳೂರಿಗೆ ಹೋಗಿ ಬಂದ ಮೇಲೆ, ಒರಗಿಸಿಟ್ಟ ಎರಡು ಚಕ್ರಗಳಲ್ಲಿ ಒಂದರ ಕಬ್ಬಿಣದ ಪಟ್ಟಿ ಕಾಣೆಯಾಗಿತ್ತು. ಬರಿ ಮರದ ಚಕ್ರ ನಿಂತಿತ್ತು. "ಪಟ್ಟಿ ಎಲ್ಲಿ ಹೋಯ್ತು ಅಪ್ಪಯ್ಯ?" ಎಂದು ನಾನೇ ಕೇಳಿದ್ದೆ. "ಬೇಕಾಗಿತ್ತು" ಎಂದು ಎಲೆಯಡಿಕೆ ಹಾಕಿಕೊಂಡಿದ್ದರು.

ಅಂದರೆ ಅವರಿಗೆ ಗೊತ್ತಿತ್ತು. ಯಾವ ದಿನ ಗೊತ್ತಾಯಿತೋ ಏನೋ. ಮನೆ ನೆನಪಿನ ಆ ತಮಾಷೆಯನ್ನು 27 ವರ್ಷ ನನ್ನ ಎದುರಿಗೇ ಹೇಳಿದರು.

ಉಳಿದ ಕೆಲಸ ಬೇಗ ಹೇಳುತ್ತೇನೆ. ತೊಲೆಗೆ ಸರಪಳಿ ಬಿಗಿದು ಜಾಕಿ ಕೊಟ್ಟು, ಕಾಯಿಸದೆ, ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಎಳೆದರು. ಕಾಯಿಸಿದರೆ ಉಕ್ಕು ಮೆತ್ತಗಾಗುತ್ತದಂತೆ. ಕರ್ಣಗಳ ವ್ಯತ್ಯಾಸ ಎರಡು ಮಿಲಿಮೀಟರಿಗೆ ಇಳಿದಾಗ ಸಾಕು ಅಂದರು. ಬಿರುಕಿಗೆ ವೆಲ್ಡಿಂಗ್ ಮಾಡಿ ಮೇಲೆ ಹೊಸ ಪಟ್ಟಿ ಕೂರಿಸಿದರು. ಅದರ ತುದಿಗಳನ್ನು ನೇರ ಕತ್ತರಿಸದೆ ಓರೆಯಾಗಿ, ಗಾಳಿಪಟದ ಮೂಲೆಯ ಹಾಗೆ ಕತ್ತರಿಸಿದ್ದರು. ನೇರ ಕತ್ತರಿಸಿ ಮೇಲಿಂದ ಕೆಳಕ್ಕೆ ವೆಲ್ಡ್ ಹೊಡೆದರೆ ಭಾರವೆಲ್ಲ ಆ ಗೆರೆಯ ಮೇಲೇ ಬಿದ್ದು ಚಾಸಿ ಅಲ್ಲೇ ಮತ್ತೆ ಮುರಿಯುತ್ತದೆ ಎಂದು ವಿವರಿಸಿದರು. ಸಡಿಲವಾದ ರಿವೆಟ್ಟುಗಳ ಜಾಗಕ್ಕೆ ತಲೆಯ ಮೇಲೆ 8.8 ಎಂದು ಬರೆದಿರುವ ಗಟ್ಟಿ ಬೋಲ್ಟುಗಳು ಬಂದವು. ಡಬ್ಬದಲ್ಲಿ ಆ ಅಂಕಿ ಇಲ್ಲದ ಬೋಲ್ಟುಗಳನ್ನು ಹೆಕ್ಕಿ ಬೇರೆ ಇಡುವುದು ಪುಟ್ಟಿಯ ಕೆಲಸ. ಕೊನೆಗೆ ರೆಡ್ ಆಕ್ಸೈಡ್, ಅದರ ಮೇಲೆ ಕಪ್ಪು ಬಣ್ಣ. ಟೈ ರಾಡಿನ ತುದಿಗಳು, ಕಿಂಗ್ ಪಿನ್ ಬೇರಿಂಗು ಎಲ್ಲ ಹೊಸದು. ಖರ್ಚೆಷ್ಟು ಎಂದು ನನ್ನ ಹೆಂಡತಿ ಇನ್ನೂ ಕೇಳುತ್ತಿದ್ದಾಳೆ.

ಎಂಜಿನ್, ಬ್ರೇಕು, ಕಾಗದಪತ್ರ ಎಲ್ಲ ಮುಗಿಯುವಾಗ ದಸರಾ ರಜೆ ಬಂತು. ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತೀರ್ಥಹಳ್ಳಿಗೆ ಹೊರಟೆ. ಮುಖ್ಯ ರಸ್ತೆ ಸೇರಿ ಸ್ವಲ್ಪ ದೂರ ಹೋಗುವಷ್ಟರಲ್ಲಿ, "ಅಜ್ಜ, ರಸ್ತೆ ಮಧ್ಯಕ್ಕೆ ಹೋಗ್ತಿದೀಯ" ಎಂದು ಕೂಗಿದಳು. ಗಾಡಿ ನೆಟ್ಟಗಿತ್ತು. ನನ್ನ ಕೈಗಳು ಹಳೆಯ ರೂಢಿಯಲ್ಲಿ ಬಲಕ್ಕೆ ಜಗ್ಗುತ್ತಿದ್ದವು. ಹಿಡಿತ ಸಡಿಲಿಸಿದೆ. ಪಿಕಪ್ ತನ್ನ ಪಾಡಿಗೆ ತಾನು ಗೆರೆ ಎಳೆದ ಹಾಗೆ ಹೋಯಿತು.

"ಮುತ್ತಜ್ಜ ಯಾಕೆ ಬೈಲಿಲ್ಲ?" ಎಂದು ಕೇಳಿದಳು.

"ಗೊತ್ತಿಲ್ಲ ಪುಟ್ಟಿ" ಅಂದೆ.

"ಬೈದಿದ್ರೆ ನಿಂಗೆ ಆ ರಾತ್ರಿ ನಿದ್ದೆ ಬರ್ತಿತ್ತು, ಅಲ್ವಾ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪೇಟೆಯಲ್ಲಿ ಮೇಸ್ತ್ರಿಗೆ ಗಾಡಿ ತೋರಿಸಿ, ಅವರಿಗೊಂದು ಸಿಹಿ ಪೊಟ್ಟಣ ಕೊಟ್ಟು, ಸಂಜೆ ಹಿಂತಿರುಗಿದೆವು. ನಮ್ಮ ಮನೆಯ ದಾರಿ ಬಂದಾಗ ಪಿಕಪ್ ತಾನಾಗಿ ಎಡಕ್ಕೆ ಸರಿಯಲಿಲ್ಲ. ನಾನೇ ತಿರುಗಿಸಿದೆ. ಗಾಡಿ ಚಕ್ರದ ಆ ಪಟ್ಟಿಯ ತುಂಡು ಈಗ ಜಗಲಿಯ ಮೇಲೆ ಇದೆ, ಪೇಪರು ಹಾರದಂತೆ ಇಡಲು.