ಪೆಟ್ರೋಲಿನ ಗುಟುಕು

ಪೆಟ್ರೋಲೆಂದೊಡನೆ ಬೆಂಕಿಗೆ ಹೆದರುವ ನಾವು ಅದರ ವಿಷವನ್ನು ಮರೆತುಬಿಡುತ್ತೇವೆ. ಅದರಲ್ಲಿರುವ ಬೆಂಜೀನ್ ಉಸಿರಿನೊಡನೆ, ಕೊಂಚ ಚರ್ಮದ ಮೂಲಕವೂ ಒಳಸೇರಿ ಅಸ್ಥಿಮಜ್ಜೆಯನ್ನು ಕೆಡಿಸಬಲ್ಲದು. 2025ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ವಾಹನಗಳ ಪೆಟ್ರೋಲನ್ನೇ ಕ್ಯಾನ್ಸರ್‌ಕಾರಕವೆಂದು ಸಾರಿತು.

ನಮ್ಮ ಹೊಳಲಿನ ಗ್ಯಾರೇಜಿನ ಹುಡುಗನಿಗೋ ಗ್ರೀಸ್ ತೊಳೆಯಲು ಅದೇ ಸಾಬೂನು! ಟ್ಯಾಂಕಿಗೆ ಪೈಪು ಇಳಿಬಿಟ್ಟು ಬಾಯಿಂದಲೇ ಎಳೆಯುತ್ತಾನೆ. ಆಕ್ಷೇಪಿಸಿದರೆ, ಹಿಂದೆ ನನ್ನ ಶಿಷ್ಯನಾಗಿದ್ದ ಮಾಲೀಕ ನಕ್ಕು, ‘ನಾವೂ ಹಿಂಗ ಕಲ್ತೀವ್ರಿ ಸರ’ ಎಂದ. ಮರುದಿನ ಕೈಪಂಪೊಂದನ್ನು ಕೊಂಡೊಯ್ದು ಕೊಟ್ಟೆ. ಕೈ ತೊಳೆಯಲು ಸೋಪಿನ ಪುಡಿ ಸಾಕೆಂದೂ ಹೇಳಿದೆ.

ಅಕಸ್ಮಾತ್ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳ್ಳಿಯ ಉಪಚಾರ ಇಲ್ಲಿ ಸಲ್ಲದು. ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕಿಳಿದರೆ ಪ್ರಾಣಕ್ಕೇ ಸಂಚಕಾರ. ತಡಮಾಡದೆ ಹಡಗಲಿಯ ಆಸ್ಪತ್ರೆಗೆ ಒಯ್ಯಬೇಕು.