ಬಾಕಿ ಸಂಬಳ

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಗಿತ್ತು. ಕೆಲಸ ಜಾಸ್ತಿ ಅನ್ನೋದು ಎಲ್ಲರೂ ಕೊಡುವ ನೆಪ, ನಾನೂ ಅದನ್ನೇ ಕೊಡ್ತೀನಿ :) ಆದರೆ ಕಳೆದ ಆಯುಧಪೂಜೆ ಹೊತ್ತಿಗೆ ನಮ್ಮನೆಯಲ್ಲಿ ನಡೆದದ್ದನ್ನು ಬರೆಯಲೇಬೇಕು ಅಂತ ಅವತ್ತೇ ಅಂದುಕೊಂಡಿದ್ದೆ.

ಹಬ್ಬಕ್ಕೆ ಮುಂಚೆ ಹಳೇ ಯಲಹಂಕದ ಮನೆಯ ಅಟ್ಟ ಖಾಲಿ ಮಾಡುವಾಗ ತಾತನ ಮೊಳೆ ಪೆಟ್ಟಿಗೆ ಕೆಳಗಿಳಿಯಿತು. ಗೋಡೆಗೆ ಹೊಡೆಯುವ ಮೊಳೆಯಲ್ಲ, ಅಚ್ಚಿನ ಮೊಳೆ. ತಾತ ಯಶವಂತಪುರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಕಂಪೋಸಿಟರ್ ಆಗಿದ್ದವರು. ಲಗ್ನಪತ್ರಿಕೆ, ಬಿಲ್ ಬುಕ್ಕು, ಎಲೆಕ್ಷನ್ ಬಂದಾಗ ಕರಪತ್ರ. 1994ರಲ್ಲಿ ಪ್ರೆಸ್ಸು ಮುಚ್ಚಿತು. ಎರಡು ತಿಂಗಳ ಸಂಬಳ ಬಾಕಿ ಇತ್ತು. ಮಾಲೀಕರು ದುಡ್ಡಿಲ್ಲ ಅಂತ ಕೈಯಾಡಿಸಿ, ಅದರ ಬದಲು ಈ ಮೊಳೆಗಳನ್ನು ಕೊಟ್ಟು ಕಳಿಸಿದರಂತೆ. ತಾತ ಅದನ್ನು ಬಸ್ಸಿನಲ್ಲಿ ಎರಡು ಸಲ ಹೊತ್ತು ತಂದರಂತೆ.

ಕೆಳಗಿಳಿಸಿದ ಪೆಟ್ಟಿಗೆ ನಾಲ್ಕು ದಿನ ಪಡಸಾಲೆಯಲ್ಲೇ ಬಿದ್ದಿತ್ತು. ಐದನೇ ದಿನ ಅಕ್ಕನ ಮಗ, ಇನ್ನೂ ಎರಡು ತುಂಬಿಲ್ಲ, ಬಾಯಲ್ಲಿ ಏನೋ ಇಟ್ಟುಕೊಂಡು ಚೀಪುತ್ತಿದ್ದ. ಅಕ್ಕ ಬೆರಳು ಹಾಕಿ ತೆಗೆದಳು. ಒಂದು ಸಣ್ಣ ರ-ಒತ್ತು. ಎಲ್ಲರೂ ನಕ್ಕರು. ನಾನು ಮಾತ್ರ ನಗಲಿಲ್ಲ.

ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 2023ರಲ್ಲಿ ಆಫೀಸಿನವರು ನನ್ನನ್ನು ಎರಡು ತಿಂಗಳು ಅಮೆರಿಕಾದ ಐಡಾಹೊ ರಾಜ್ಯದ ಬಾಯ್ಸಿ ಅನ್ನೋ ಊರಿಗೆ ಕಳಿಸಿದ್ದರು. ಅಲ್ಲಿ ನಮ್ಮ ಟೀಮಿನ ಹಿರಿಯರೊಬ್ಬರು ಒಂದು ಶನಿವಾರ ಮನೆಗೆ ಕರೆದರು. ಊಟ ಆದಮೇಲೆ "ನನ್ನ ಹುಚ್ಚು ತೋರಿಸ್ತೀನಿ ಬಾ" ಅಂತ ಗ್ಯಾರೇಜಿಗೆ ಕರೆದುಕೊಂಡು ಹೋದರು. ರೈಫಲ್ಲಿಗೆ ಬೇಕಾದ ಸೀಸದ ಗುಂಡುಗಳನ್ನು ಅವರೇ ಎರಕ ಹೊಯ್ಯುತ್ತಿದ್ದರು. ಅಲ್ಲಿ ಅದು ಕಾನೂನಿಗೆ ಒಳಪಟ್ಟ ಹವ್ಯಾಸ, ಗಾಳ ಹಾಕಿ ಮೀನು ಹಿಡಿದಂತೆ.

ಕೋವಿ ಕಂಡರೆ ನನಗೆ ಅಷ್ಟಕ್ಕಷ್ಟೆ. ಆದರೆ ಅವರು ಸಮಸ್ಯೆ ವಿವರಿಸಿದ ರೀತಿ ಇಂಜಿನಿಯರ್ ಆದವನಿಗೆ ಹಿಡಿಸದೆ ಇರಲಿಲ್ಲ. ಅವರದ್ದು .223 ಅನ್ನುವ ರೈಫಲ್. ಗುಂಡಿನ ಅಡ್ಡಳತೆ ಆರು ಮಿಲಿಮೀಟರ್ ಕೂಡ ಇಲ್ಲ, ತೂಕ ಮೂರೂವರೆ ಗ್ರಾಂ. ಕಾರ್ಖಾನೆಯಲ್ಲಿ ಮಾಡಿದ, ತಾಮ್ರದ ಹೊದಿಕೆಯ ಗುಂಡು ಸೆಕೆಂಡಿಗೆ 900 ಮೀಟರಿಗೂ ಹೆಚ್ಚು ವೇಗದಲ್ಲಿ ಹೋಗುತ್ತದೆ. ನಳಿಗೆಯ ಒಳಗೆ ತಿರುಪಿನ ಗಾಡಿ ಇರುತ್ತದಲ್ಲ, ಅದರಿಂದ ಗುಂಡು ನಿಮಿಷಕ್ಕೆ ಎರಡು ಲಕ್ಷ ಸುತ್ತಿಗಿಂತ ಜಾಸ್ತಿ ಗಿರಗಿರ ತಿರುಗುತ್ತದೆ. ಹೊದಿಕೆಯಿಲ್ಲದ ಮೆತ್ತನೆ ಸೀಸವನ್ನು ಅಷ್ಟು ವೇಗಕ್ಕೆ ದೂಡಿದರೆ ಅದು ಗಾಡಿಯಲ್ಲಿ ಕಚ್ಚಿಕೊಂಡು ತಿರುಗುವ ಬದಲು ಜಾರುತ್ತದೆ. ಹಿಂದಿನಿಂದ ನುಗ್ಗುವ ಬಿಸಿ ಅನಿಲ ಸೀಸವನ್ನು ಕೊರೆದು ನಳಿಗೆಗೆ ಮೆತ್ತುತ್ತದೆ. ಆಮೇಲೆ ಗುರಿ ದೇವರಿಗೇ ಪ್ರೀತಿ.

ದೊಡ್ಡ ಗುಂಡಿನಲ್ಲಿ ಒಂದು ಸಣ್ಣ ಗಾಳಿಗುಳ್ಳೆ ಉಳಿದರೂ ನಡೆದೀತು. ಇಷ್ಟು ಚಿಕ್ಕದರಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆ ಇದ್ದರೂ, ಅಷ್ಟು ಜೋರಾಗಿ ತಿರುಗುವಾಗ ಗುಂಡು ದಾರಿ ಬಿಡುತ್ತದೆ. ಅದಕ್ಕೇ ಅವರು ಹೊಯ್ದ ನೂರರಲ್ಲಿ ಮೂವತ್ತು ನಲವತ್ತನ್ನು ವಾಪಸ್ ಪಾತ್ರೆಗೆ ಹಾಕುತ್ತಿದ್ದರು. ಒಂದೊಂದನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದರು. ಇಷ್ಟೆಲ್ಲಾ ಮಾಡಿದರೂ ವೇಗ ಅರ್ಧಕ್ಕೋ ಮುಕ್ಕಾಲಿಗೋ ಇಳಿಸಿದರೇ ಗುರಿ ಸಿಗುವುದು ಅಂದರು.

"ಹಾಗಾದ್ರೆ ಗಟ್ಟಿ ಸೀಸ ಎಲ್ಲಿಂದ ತರ್ತೀರಾ?" ಅಂದೆ. ಅವರು ಬೆಂಚಿನ ಕೆಳಗಿನ ಬಕೆಟ್ ಎಳೆದರು. ಒಳಗೆ ಬೆರಳುದ್ದದ ಲೋಹದ ಪಟ್ಟಿಗಳು, ಒಂದೊಂದರ ಅಂಚಿನಲ್ಲೂ ತಿರುಗುಮುರುಗಾದ ಅಕ್ಷರಗಳ ಸಾಲು! ಹಳೆಯ ಲೈನೋಟೈಪ್ ಯಂತ್ರದ ಪಟ್ಟಿಗಳು. ಯಾವುದೋ ಊರಿನ ಪತ್ರಿಕೆ ಮುಚ್ಚಿದಾಗ ಕೊಂಡದ್ದಂತೆ.

ನಾನು ಒಂದನ್ನು ಬೆಳಕಿಗೆ ಹಿಡಿದು ಬಲದಿಂದ ಎಡಕ್ಕೆ ಓದಿದೆ. ತಾತ ಚಿಕ್ಕಂದಿನಲ್ಲಿ ಕಲಿಸಿದ್ದ ವಿದ್ಯೆ. ಭಾನುವಾರ ಚರ್ಚಿನಲ್ಲಿ ಎಲ್ಲರಿಗೂ ಊಟ ಇದೆ ಅಂತಿತ್ತು. ಅವರು ನಗುತ್ತಾ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಪಾತ್ರೆಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಊಟವೂ ಇಲ್ಲ, ಭಾನುವಾರವೂ ಇಲ್ಲ.

ಲೈನೋಟೈಪ್ ಲೋಹದಲ್ಲಿ ನೂರಕ್ಕೆ 84 ಪಾಲು ಸೀಸ, 12 ಆಂಟಿಮನಿ, 4 ತವರ. ಬರೀ ಸೀಸ 327 ಡಿಗ್ರಿಗೆ ಕರಗಿದರೆ ಇದು 240ರ ಆಸುಪಾಸಿಗೇ ಕರಗುತ್ತದೆ, ಆರಿದಮೇಲೆ ನಾಲ್ಕು ಪಟ್ಟು ಗಟ್ಟಿ. ತವರ ಇರುವುದರಿಂದ ಚೆನ್ನಾಗಿ ಹರಿಯುತ್ತದೆ. ಆಂಟಿಮನಿ ಇರುವುದರಿಂದ ಆರುವಾಗ ಅಷ್ಟಾಗಿ ಕುಗ್ಗುವುದಿಲ್ಲ, ಅಚ್ಚಿನ ಮೂಲೆಮೂಲೆಯೂ ಚೂಪಾಗಿ ಮೂಡುತ್ತದೆ. ಅಕ್ಷರದ ತುದಿ ಮೊಂಡಾಗಬಾರದು ಅಂತ ಕಂಡುಕೊಂಡ ಗುಣ, ಗುಂಡಿನ ಅಂಚು ಮೊಂಡಾಗಬಾರದು ಅನ್ನುವವರಿಗೂ ಸರಿಹೋಯಿತು. ನಮ್ಮಲ್ಲಿ ಕೈಯಲ್ಲಿ ಜೋಡಿಸುತ್ತಿದ್ದ ಮೊಳೆಗಳೂ ಇವೇ ಮೂರು ಲೋಹಗಳವು, ಅಳತೆ ಮಾತ್ರ ಬೇರೆ. 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ರೀವ್-ಸ್ಯಾಂಡರ್ಸನ್ ನಿಘಂಟು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಬಂದ ಕಿಟೆಲ್ ನಿಘಂಟು, ಎಲ್ಲವೂ ಸೀಸದಿಂದ ಬಂದ ಕನ್ನಡವೇ.

ಅವತ್ತು ಗ್ಯಾರೇಜಿನಿಂದ ಹೊರಡುವಾಗ ಆ ಹಿರಿಯರು ನನ್ನ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆಸಿದರು. "ಮೊಮ್ಮಕ್ಕಳು ಬಂದಾಗ ಈ ಬಾಗಿಲಿಗೆ ಬೀಗ" ಅಂದರು.

ಅಂದರೆ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ದಿನ ಆ ಪೆಟ್ಟಿಗೆಯನ್ನು ಪಡಸಾಲೆಯಲ್ಲಿ ಬಿಟ್ಟಿದ್ದೆ.

ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಎಕ್ಸ್‌ರೇನಲ್ಲಿ ಹೊಟ್ಟೆಯೊಳಗೆ ಏನೂ ಇರಲಿಲ್ಲ. ರಕ್ತದಲ್ಲಿ ಸೀಸ ಡೆಸಿಲೀಟರಿಗೆ 6 ಮೈಕ್ರೋಗ್ರಾಂ. ಐದು ದಾಟಿದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ತೆಗೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಮಟ್ಟವೇ ಸೀಸಕ್ಕಿಲ್ಲ. "ಇದೊಂದರಿಂದಲೇ ಬಂದಿದ್ದು ಅಂತ ಹೇಳಕ್ಕಾಗಲ್ಲ, ಹಳೇ ಬಣ್ಣ, ಮಣ್ಣು ಏನು ಬೇಕಾದ್ರೂ ಇರಬಹುದು. ಮೊದಲು ಆ ಪೆಟ್ಟಿಗೆ ತೆಗೀರಿ, ನೆಲ ಒದ್ದೆ ಬಟ್ಟೇಲಿ ಒರೆಸಿ" ಅಂದರು ಡಾಕ್ಟರು. ಕಬ್ಬಿಣದ ಅಂಶಕ್ಕೆ ಸಿರಪ್ ಕೊಟ್ಟು, ಮೂರು ತಿಂಗಳು ಬಿಟ್ಟು ಬರಲು ಹೇಳಿದರು.

1999ರಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಏಳು ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಹತ್ತು ಮೈಕ್ರೋಗ್ರಾಂ ಮೀರಿತ್ತು. ಮುಂದಿನ ವರ್ಷವೇ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಈ ಅಂಕಿಗಳನ್ನೆಲ್ಲ ಆ ರಾತ್ರಿ ನಿದ್ದೆ ಬರದೆ ಓದಿದೆ. ಅಕ್ಕ ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು, ಅವಳು ಏನೂ ಅನ್ನಲಿಲ್ಲ.

ಆಫೀಸಿನಲ್ಲಿ ಊಟದ ಹೊತ್ತಿಗೆ ಗೆಳೆಯನಿಗೆ ಹೇಳಿಕೊಂಡೆ. ಅವನು ಕೊಡಗಿನವನು. "ನಮ್ಮಜ್ಜನೂ ತೋಕಿಗೆ ಸೀಸದ ಉಂಡೆ ಹೊಯ್ತಿದ್ರು" ಅಂದ. ತೋಕು ಅಂದರೆ ಕೋವಿ. 1861ರಲ್ಲಿ ಬ್ರಿಟಿಷರು ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಕೊಟ್ಟ ವಿನಾಯಿತಿ ಇವತ್ತಿಗೂ ಇದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂ ಮುಡಿಸಿ ಪೂಜೆ, ತೆಂಗಿನಕಾಯಿಗೆ ಗುರಿ. ಆದರೆ ಹಳೇ ತೋಕಿಗೆ ಮೆತ್ತನೆ ಸೀಸ ಸಾಕು, ಅಚ್ಚಿನ ಮೊಳೆ ಬೇಕಿಲ್ಲ ಅಂದ. "ಅಲ್ಲದೆ ಕೋವಿ ಇಟ್ಕೊಳ್ಳೋದು ಬೇರೆ, ತೋಟಾ ತಯಾರು ಮಾಡೋದು ಬೇರೆ. ಮಾಡೋಕೆ ಲೈಸೆನ್ಸ್ ಬೇಕು ಮಾರಾಯ. ಗುಜರಿಗೆ ಹಾಕು."

ಉಳಿದದ್ದು ತಾತನಿಗೆ ಹೇಳುವುದು. ಅವರಿಗೆ ಎಂಬತ್ತಮೂರು. ಬಾಯ್ಸಿಯ ಬಕೆಟ್ಟಿನ ವಿಷಯ ಇಷ್ಟು ದಿನ ಅವರಿಗೆ ಹೇಳಿರಲಿಲ್ಲ, ಅಕ್ಷರ ಕರಗಿಸಿ ಗುಂಡು ಮಾಡ್ತಾರೆ ಅಂದರೆ ನೊಂದುಕೊಳ್ಳುತ್ತಾರೆ ಅಂತ. ಅವತ್ತು ಎಲ್ಲ ಹೇಳಿದೆ.

ತಾತ ನಕ್ಕುಬಿಟ್ಟರು. "ಸವೆದ ಮೊಳೆ ಕರಗಲೇಬೇಕು ಕಣೋ. ನಾವೇ ವರ್ಷಕ್ಕೊಂದ್ಸಲ ಮೂಟೆ ಕಟ್ಟಿ ಫೌಂಡ್ರಿಗೆ ಹಾಕಿ ಹೊಸದು ತರ್ತಿದ್ವಿ. ಅಕ್ಷರ ಅಂದ್ರೆ ನಾಶ ಇಲ್ಲದ್ದು ಅಂತ ಸ್ಕೂಲಲ್ಲಿ ಮೇಷ್ಟ್ರು ಹೇಳ್ತಿದ್ರು. ಅವರು ಪ್ರೆಸ್ಸು ನೋಡಿರಲಿಲ್ಲ ಬಿಡು." ಆಮೇಲೆ ತಮ್ಮ ಬೆರಳುಗಳನ್ನೇ ನೋಡುತ್ತಾ, "ನಮಗೆ ದಿನಾ ಒಂದು ಅಚ್ಚು ಬೆಲ್ಲ ಕೊಡೋರು, ಸೀಸ ಇಳಿದುಹೋಗತ್ತೆ ಅಂತ. ಬೆಲ್ಲಕ್ಕೆ ಇಳಿಯತ್ತಾ ಅದು?" ಅಂದರು.

ಇಳಿಯಲ್ಲ ತಾತ ಅಂದೆ.

"ಗೊತ್ತಿತ್ತು. ಬೆಲ್ಲ ಚೆನ್ನಾಗಿರ್ತಿತ್ತು, ತಿಂತಿದ್ವಿ."

ಭಾನುವಾರ ಗುಜರಿಯವನು ಬಂದ. "ಇಲ್ಲೇ ಎಲ್ಲಾದ್ರೂ ಕರಗಿಸ್ತೀರಾ?" ಅಂತ ಎರಡು ಸಲ ಕೇಳಿದೆ. "ಇಲ್ಲ ಸಾರ್, ಬ್ಯಾಟರಿ ಸೀಸದ ಜೊತೆ ಫ್ಯಾಕ್ಟರಿಗೆ ಹೋಗತ್ತೆ" ಅಂದ. ನಂಬಿದೆ, ಬೇರೆ ದಾರಿ ಇರಲಿಲ್ಲ. ತೂಕ 22 ಕೆಜಿ, ಕೆಜಿಗೆ 120 ರೂಪಾಯಿ. ಒಂದಾದರೂ ಮೊಳೆ ಇಟ್ಟುಕೊಳ್ಳೋಣ ಅಂತ ಕೈ ಹಾಕಿದವನು ಅಕ್ಕನ ಮುಖ ನೋಡಿ ಬಿಟ್ಟೆ. ತಾತ ಕಬ್ಬಿಣದ ಕಂಪೋಸಿಂಗ್ ಸ್ಟಿಕ್ ಒಂದನ್ನು ಮಾತ್ರ ತೆಗೆದಿಟ್ಟು, ಚೆನ್ನಾಗಿ ತೊಳೆಸಿದರು. ಆಯುಧಪೂಜೆಗೆ ನನ್ನ ಲ್ಯಾಪ್‌ಟಾಪ್ ಪಕ್ಕ ಅದಕ್ಕೂ ಕುಂಕುಮ ಇಟ್ಟೆವು.

2,640 ರೂಪಾಯಿಯನ್ನು ತಾತನ ಕೈಗೆ ಕೊಟ್ಟೆ. ಎಣಿಸಿದರು. ಬೆರಳು ಮಡಚಿ ಏನೋ ಲೆಕ್ಕ ಹಾಕಿದರು.

"ತಿಂಗಳಿಗೆ ಸಾವಿರದ ಮುನ್ನೂರು. ಎರಡು ತಿಂಗಳಿಗೆ ಎರಡು ಸಾವಿರದ ಆರುನೂರು. ಬಾಕಿ ಚುಕ್ತಾ ಆಯ್ತು ನೋಡು. ಮೇಲೆ ನಲವತ್ತು ರೂಪಾಯಿ ಬಡ್ಡಿ."

ಆ ನಲವತ್ತನ್ನು ಮರಿಮೊಮ್ಮಗನ ಕೈಗಿಟ್ಟರು. ಅವನು ನೋಟನ್ನು ನೇರ ಬಾಯಿಗೆ ಹಾಕಿಕೊಂಡ. ಈ ಸಲ ಓಡಿದ್ದು ನಾನು.

(ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ 3ಕ್ಕೆ ಇಳಿದಿತ್ತು. ಅಕ್ಕ ಈಗ ಮೊದಲಿನಂತೆ ನನ್ನ ಮೇಲೆ ಕೂಗಾಡುತ್ತಾಳೆ. ನಿಮ್ಮ ಅಟ್ಟದಲ್ಲೂ ಇಂಥ ಪೆಟ್ಟಿಗೆ ಇದ್ದರೆ ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.)