ಬೌಲರ್‌ಗೆ ಬೇರೆ ಲೋಟ

ಮೊನ್ನೆ ಆಫೀಸಿನ ಕ್ರಿಕೆಟ್ ಟೂರ್ನಮೆಂಟಿನಲ್ಲಿ ಡ್ರಿಂಕ್ಸ್ ಬ್ರೇಕಿಗೆ ಒಂದೇ ನೀರಿನ ಬಾಟಲಿ ಎಲ್ಲರ ಕೈ ಸುತ್ತಿ ಬಂತು. ಎತ್ತಿ ಕುಡಿದವರು ಇಬ್ಬರೋ ಮೂವರೋ, ಉಳಿದವರೆಲ್ಲ ಬಾಯಿಟ್ಟೇ ಕುಡಿದರು. "ನೋಡ್ರಪ್ಪಾ, ಗ್ರೌಂಡಿಗೆ ಇಳಿದ ಮೇಲೆ ಎಲ್ರೂ ಒಂದೇ" ಅಂತ ನಮ್ಮ ಮ್ಯಾನೇಜರ್ ಒಂದು ಪುಟ್ಟ ಭಾಷಣವನ್ನೂ ಬಿಗಿದರು. ನಾನೂ ಎಲ್ಲರಂತೆ ತಲೆಯಾಡಿಸಿದೆ. ಆದರೆ ಬಾಟಲಿ ನನ್ನ ಕೈಗೆ ಬಂದಾಗ ನೆನಪಾದದ್ದು ನಮ್ಮೂರಿನ ಕೆರೆ ಅಂಗಳ, ಮತ್ತೆ ನಮ್ಮ ಬೌಲರ್...

ಅವನ ಹೆಸರು ಇಲ್ಲಿ ಬೇಡ. ನಾವೂ ಅವನನ್ನು ಹೆಸರಿಡಿದು ಕರೆದದ್ದು ಕಡಿಮೆಯೇ. ಎಲ್ಲರಿಗೂ ಅವನು 'ಬೌಲರ್'. ತುಮಕೂರು ಕಡೆಯ ನಮ್ಮೂರಲ್ಲಿ ಬೇಸಿಗೆಗೆ ಕೆರೆ ಒಣಗಿತೆಂದರೆ ಅದೇ ನಮ್ಮ ಸ್ಟೇಡಿಯಂ. ಕಾಲೋನಿ ಹುಡುಗ ಅವನು. ಬರಿಗಾಲಲ್ಲಿ ಓಡಿಬಂದು ಟೆನಿಸ್ ಬಾಲಿನಲ್ಲಿ ಹಾಕುತ್ತಿದ್ದ ಯಾರ್ಕರ್‌ಗೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಿತ್ತು. ಟೀಮ್ ಮಾಡುವಾಗ ಮೊದಲು ಬರೆಯುತ್ತಿದ್ದದ್ದು ಅವನ ಹೆಸರೇ. ಬ್ಯಾಟಿಂಗಿಗೆ ಮಾತ್ರ ಕೊನೆ. ಬೌಲರ್ ತಾನೇ, ಅದರಲ್ಲೇನು ವಿಶೇಷ ಅಂದುಕೊಂಡಿದ್ದೆ.

2011ರ ಬೇಸಿಗೆ. ಧೋನಿ ಸಿಕ್ಸರ್ ಹೊಡೆದು ವರ್ಲ್ಡ್ ಕಪ್ ಗೆಲ್ಲಿಸಿ ಇನ್ನೂ ತಿಂಗಳಾಗಿರಲಿಲ್ಲ, ಊರೂರಲ್ಲೂ ಟೂರ್ನಮೆಂಟು. ಫೈನಲ್ಲಿನಲ್ಲಿ ಪಕ್ಕದೂರಿನವರಿಗೆ ಕೊನೆಯ ಓವರಿನಲ್ಲಿ ಎಂಟು ರನ್ ಬೇಕಿತ್ತು. ಅವನು ಕೊಟ್ಟದ್ದು ಮೂರು. ಶೀಲ್ಡ್ ನಮ್ಮದಾಯಿತು! ನಮ್ಮ ಟೀಮಿನ ಗೌಡರ ಹುಡುಗ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿಯವರೆಗೂ ಓಡಿದ. ಆ ದಿನ ನಮ್ಮೂರಲ್ಲಿ ಜಾತಿಯೇ ಇಲ್ಲ ಅಂತ ಯಾರಾದರೂ ಹೇಳಿದ್ದರೆ ನಾನು ನಂಬಿಬಿಡುತ್ತಿದ್ದೆ.

ಅಲ್ಲಿಂದ ಎಲ್ಲರೂ ನಮ್ಮ ಮನೆಗೆ ಬಂದೆವು. ಅಜ್ಜಿ ಪಾನಕ ಮಾಡಿದ್ದಳು. ಎಲ್ಲರೂ ನಡುಮನೆಗೆ ನುಗ್ಗಿದರೆ ಅವನು ಮಾತ್ರ "ಕಾಲೆಲ್ಲಾ ಧೂಳು ಕಣ್ಲಾ" ಅಂತ ಜಗಲಿ ತುದಿಯಲ್ಲೇ ಕೂತ. ನಮ್ಮೆಲ್ಲರ ಕಾಲೂ ಧೂಳಾಗಿತ್ತು. ಅಜ್ಜಿ ನಮಗೆಲ್ಲ ಸ್ಟೀಲ್ ಲೋಟದಲ್ಲಿ ಕೊಟ್ಟಳು. ಅವನಿಗೆ, ಯಾವುದೋ ಮದುವೆಯಲ್ಲಿ ಮಿಕ್ಕಿದ್ದ ಒಂದು ಪ್ಲಾಸ್ಟಿಕ್ ಲೋಟದಲ್ಲಿ. ಮೇಲಿಂದ ಸುರಿದಳು. "ಇನ್ನೊಂದ್ ಲೋಟ ಕುಡಿ ಮಗಾ, ಬಿಸ್ಲಲ್ಲಿ ಆಡಿದೀಯ" ಅಂತ ಪ್ರೀತಿಯಿಂದಲೇ ಹೇಳಿದಳು. ಅಜ್ಜಿ ಕೆಟ್ಟವಳಲ್ಲ. ಅದೇ ನನಗೆ ಇವತ್ತಿಗೂ ಬಿಡಿಸಲಾಗದ ಗಂಟು. ಅವನು ಕುಡಿದು, ಲೋಟವನ್ನು ಮುದುರಿ, ತಾನೇ ಬೇಲಿಯಾಚೆ ಎಸೆದು ಬಂದ. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಇಬ್ಬರೂ ಏನೂ ಆಡಲಿಲ್ಲ.

ಇದನ್ನು ನಾನು ಮರೆತೇಬಿಟ್ಟಿದ್ದೆ. ಹೋದ ವರ್ಷ ಕಂಪನಿ ಬಸ್ಸಿನಲ್ಲಿ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂತು ರಾಮಚಂದ್ರ ಗುಹಾ ಅವರ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್' ಓದುತ್ತಿದ್ದೆ. 2002ರ ಪುಸ್ತಕ. ಅದರಲ್ಲಿ ಪಾಲ್ವಂಕರ್ ಬಾಲೂ ಸಿಕ್ಕಿದರು.

ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ಚರ್ಮದ ಕೆಲಸದ ಜಾತಿ. ಅಪ್ಪ ಸೈನ್ಯದಲ್ಲಿದ್ದದ್ದರಿಂದ ಬೆಳೆದದ್ದು ಪುಣೆಯಲ್ಲಿ. ಮೊದಲ ಕೆಲಸ ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯುವುದು, ತಿಂಗಳಿಗೆ ಮೂರು ರೂಪಾಯಿ. ಆಮೇಲೆ ಬಿಳಿಯರ ಪೂನಾ ಕ್ಲಬ್ಬು, ನಾಲ್ಕು ರೂಪಾಯಿ. ಅಲ್ಲಿ ನೆಟ್ಸಿನಲ್ಲಿ ಸಾಹೇಬರುಗಳಿಗೆ ಚೆಂಡು ಹಾಕುತ್ತಾ ಹಾಕುತ್ತಾ ಎಡಗೈ ಸ್ಪಿನ್ನರ್ ಆದರು. ಗಂಟೆಗಟ್ಟಲೆ ಬೌಲಿಂಗ್ ಮಾಡಿಸಿಕೊಂಡ ಆ ಸಾಹೇಬರು ಒಂದು ದಿನವೂ ಅವರ ಕೈಗೆ ಬ್ಯಾಟು ಕೊಡಲಿಲ್ಲವಂತೆ.

ಪುಣೆಯ ಹಿಂದೂಗಳ ತಂಡಕ್ಕೆ ಬಿಳಿಯರನ್ನು ಸೋಲಿಸಲೇಬೇಕಿತ್ತು. ಇವರನ್ನು ಸೇರಿಸಿಕೊಳ್ಳುವುದೋ ಬೇಡವೋ ಅಂತ ದೊಡ್ಡ ಚರ್ಚೆಯೇ ನಡೆಯಿತು. ಕೊನೆಗೆ ಗೆಲ್ಲುವ ಆಸೆ ಗೆದ್ದಿತು. ಮೈದಾನದಲ್ಲಿ ಬಾಲೂ ಮುಟ್ಟಿದ ಚರ್ಮದ ಚೆಂಡನ್ನು ಎಲ್ಲರೂ ಮುಟ್ಟಿದರು. ಆದರೆ ಟೀ ಹೊತ್ತಿಗೆ ಉಳಿದವರು ಪೆವಿಲಿಯನ್ನಿನ ಒಳಗೆ, ಬಾಲೂ ಹೊರಗೆ. ಅವರಿಗೆ ಪಿಂಗಾಣಿ ಕಪ್ಪು, ಇವರಿಗೆ ಕುಡಿದು ಎಸೆಯುವ ಮಣ್ಣಿನ ಲೋಟ.

ಪುಸ್ತಕ ಮುಚ್ಚಿಟ್ಟೆ. ಮಣ್ಣಿನ ಲೋಟ. ನೂರು ವರ್ಷ ಕಳೆದರೂ ನಮ್ಮ ಜಗಲಿಯಲ್ಲಿ ಬದಲಾಗಿದ್ದದ್ದು ಮಣ್ಣು ಹೋಗಿ ಪ್ಲಾಸ್ಟಿಕ್ ಬಂದದ್ದಷ್ಟೇ!

'ಲಗಾನ್' ನೋಡಿದವರಿಗೆಲ್ಲ ಕಚ್ರಾ ಗೊತ್ತು. ಸಿನಿಮಾದಲ್ಲಿ ನಾಯಕನ ಒಂದು ಭಾಷಣ, ಒಂದು ಹ್ಯಾಟ್ರಿಕ್, ಅಷ್ಟಕ್ಕೆ ಊರೇ ಅವನನ್ನು ಒಪ್ಪಿಕೊಳ್ಳುತ್ತದೆ. ಬಾಲೂ ಕಥೆ ಅಷ್ಟು ಬೇಗ ಮುಗಿಯುವುದಿಲ್ಲ. 1906ರಲ್ಲಿ ಬಾಂಬೆಯಲ್ಲಿ ಹಿಂದೂಗಳ ತಂಡ ಬಿಳಿಯರನ್ನು 109 ರನ್ನುಗಳಿಂದ ಸೋಲಿಸಿತು. ಬಾಲೂ ಜೊತೆಗೆ ತಮ್ಮ ಶಿವರಾಮ್ ಕೂಡ ಆ ತಂಡದಲ್ಲಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಬಾಲೂ ಎಲ್ಲ ಪಂದ್ಯ ಸೇರಿ ಪಡೆದದ್ದು 114 ವಿಕೆಟ್. ಇಷ್ಟಾದರೂ ನಾಯಕತ್ವದ ಮಾತು ಬಂದಾಗಲೆಲ್ಲ ಬೇರೆ ಯಾರದೋ ಹೆಸರು. 1920ರಲ್ಲಿ ಶಿವರಾಮ್ ಮತ್ತು ಇನ್ನೊಬ್ಬ ತಮ್ಮ ವಿಠ್ಠಲ್ ಇದನ್ನು ಪ್ರತಿಭಟಿಸಿ ತಂಡದಿಂದ ಹೊರಗೆ ನಿಂತರು. ಆಮೇಲೆ ಬಾಲೂಗೆ ಸಿಕ್ಕಿದ್ದು ಉಪನಾಯಕತ್ವ. 1923ರಲ್ಲಿ ವಿಠ್ಠಲ್ ನಾಯಕರಾದರು, ತಂಡ ಗೆದ್ದೂ ಬಿಟ್ಟಿತು. ಅಣ್ಣನ ಕಾಲ ಅಷ್ಟರಲ್ಲಿ ಮುಗಿದಿತ್ತು.

ಆಟ ಸಮಾಜವನ್ನು ಬದಲಾಯಿಸುತ್ತದೆ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ನನಗನ್ನಿಸುವುದು ಇಷ್ಟು: ಗೆಲ್ಲುವ ಆಸೆ ಬೌಂಡರಿ ಗೆರೆಯ ಒಳಗೆ ಕರೆಯುತ್ತದೆ. ಗೆರೆಯ ಆಚೆ ಊರು ಹಾಗೇ ಕಾದು ಕೂತಿರುತ್ತದೆ. ಅಲ್ಲಿಂದ ಜಗಲಿ ದಾಟಿ ನಡುಮನೆಗೆ ಕರೆಯಬೇಕಾದವರು ಯಾರಾದರೂ ಬಾಯಿ ಬಿಡಬೇಕು, ಇಲ್ಲವೇ ಆಡಬೇಕಾದವರು ಆಡುವುದಿಲ್ಲ ಅಂತ ಕೂರಬೇಕು. ಬಾಲೂ ತಮ್ಮಂದಿರು ಕೂತರು. ನಾನು ಬಾಯಿ ಬಿಡಲಿಲ್ಲ.

ಹಾಗಂತ ಬಾಲೂವಿನ ಆಟ ವ್ಯರ್ಥವಾಯಿತು ಅಂತಲ್ಲ. ಅಂಬೇಡ್ಕರ್ ಅವರಂಥವರೇ ಅವರನ್ನು ಮೆಚ್ಚಿದ್ದರು. ಮುಂದೆ ಇಬ್ಬರ ದಾರಿ ಬೇರೆಯಾಯಿತು. 1937ರ ಚುನಾವಣೆಯಲ್ಲಿ ಬಾಂಬೆಯಲ್ಲಿ ಕಾಂಗ್ರೆಸ್ಸು ಅಂಬೇಡ್ಕರ್ ಎದುರು ಬಾಲೂವನ್ನೇ ನಿಲ್ಲಿಸಿತು. ಅಂಬೇಡ್ಕರ್ 13,245, ಬಾಲೂ 11,225. ಸೋತರು. ಆದರೆ ಪಿಚ್ ಗುಡಿಸುತ್ತಿದ್ದ ಹುಡುಗನಿಗೆ ಹನ್ನೊಂದು ಸಾವಿರ ಓಟು ಬಿದ್ದದ್ದು ಆ ಎಡಗೈಯಿಂದ ಅಲ್ಲದೆ ಇನ್ಯಾವುದರಿಂದ?

ಹೋದ ಯುಗಾದಿಗೆ ಊರಿಗೆ ಹೋದಾಗ ಬೌಲರ್ ಸಿಕ್ಕಿದ. ಈಗ ಗೂಡ್ಸ್ ಆಟೋ ಓಡಿಸುತ್ತಾನೆ. "ಬಾರ್ಲಾ ಮನೆಗೆ" ಅಂದೆ. "ಇನ್ನೊಂದ್ಸಲ ಬತ್ತೀನಿ, ಇಲ್ಲೇ ಹೋಟ್ಲಲ್ಲಿ ಟೀ ಕುಡಿಯಾನ ಬಾ" ಅಂದ. ಎರಡು ಗಾಜಿನ ಲೋಟ ಬಂತು, ಎರಡೂ ಒಂದೇ ಥರದ್ದು. ಆ ದಿನದ ಪಾನಕ ನೆನಪಿದೆಯಾ ಅಂತ ಕೇಳಬೇಕೆಂದಿದ್ದೆ, ನಾಲಿಗೆ ಏಳಲಿಲ್ಲ. ಅದರ ಬದಲು ಬಾಲೂ ಕಥೆ ಹೇಳಿದೆ. ಮಣ್ಣಿನ ಲೋಟದ್ದನ್ನೂ ಹೇಳಿದೆ. ಅವನು ಟೀ ಕಡೆ ನೋಡುತ್ತಾ ಪೂರ್ತಿ ಕೇಳಿಸಿಕೊಂಡ. ಲೋಟದ ಬಗ್ಗೆ ಏನೂ ಅನ್ನಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ಆಮೇಲಾದ್ರೂ ಅವ್ರಿಗೆ ಬ್ಯಾಟಿಂಗ್ ಕೊಟ್ರೇನ್ಲಾ?"

ನಾನು ನಮ್ಮ ಮ್ಯಾಚುಗಳನ್ನೆಲ್ಲ ನೆನಪು ಮಾಡಿಕೊಂಡೆ. ಒಂದೇ ಒಂದು ಸಲವಾದರೂ ಅವನನ್ನು ಮೇಲೆ ಇಳಿಸಿದ್ದು ನೆನಪಾಗಲಿಲ್ಲ...

ಮುಂದಿನ ಜಾತ್ರೆಗೆ ಹಳೇ ಹುಡುಗರದ್ದೇ ಒಂದು ಮ್ಯಾಚ್ ಇಡೋಣ ಅಂತ ಎಲ್ಲರಿಗೂ ಫೋನ್ ಮಾಡಿದ್ದೇನೆ. ಅವನು ಓಪನಿಂಗ್. ಇದಕ್ಕೆ ಯಾರೂ ತಕರಾರು ತೆಗೆದಿಲ್ಲ. ಮಧ್ಯಾಹ್ನದ ಊಟ ನಮ್ಮನೆಯಲ್ಲಿ, ನಡುಮನೆಯಲ್ಲಿ, ಎಲ್ಲರಿಗೂ ಒಂದೇ ಪಂಕ್ತಿ. ಅಜ್ಜಿ ಈಗಿಲ್ಲ. ಅಮ್ಮನಿಗೆ ಹೇಳಬೇಕು. ಇನ್ನೂ ಹೇಳಿಲ್ಲ.